ಮೈಸೂರು ಅಂಚೆಯ ಎರಡು ಮುಖಗಳು

ಹುಣಸೂರು, ಕೃಷ್ಣರಾಜನಗರಗಳ ಕಡೆ ಇಂದಿಗೂ ಬಳಕೆಯಲ್ಲಿರುವ ‘ಅಂಚೆ’ ಎಂಬ ಮಾತು ಮೈಸೂರು ಅರಸರ ಸ್ವಂತ ವ್ಯವಸ್ಥೆಯೊಂದನ್ನು ನೆನಪಿಗೆ ತರುತ್ತದೆ. ರಾಜ್ಯದಾದ್ಯಂತ ಕ್ರಮಬದ್ಧವಾದ ಅಂಚೆಯನ್ನು ಏರ್ಪಡಿಸಿದವರು ಚಿಕ್ಕದೇವರಾಜ ಒಡೆಯರು (1673–1704). ಅಂಚೆಯವರು ಕಾಗದಗಳನ್ನು ಸಾಗಿಸಿದುದಲ್ಲದೆ, ಆಯಾ ಸೀಮೆಯ ಗುಟ್ಟುಗಳನ್ನೂ ಅರಮನೆಗೆ ಒಪ್ಪಿಸುತ್ತಿದ್ದರೆಂದು 1810ರಲ್ಲಿ ವಿಲ್ಕ್ಸ್ ಬರೆದಿದ್ದಾರೆ. ಕೊಡಗಿಗೆ ತಾಗಿದ ಪಿರಿಯಾಪಟ್ಟಣ, ವೈನಾಡಿಗೆ ತಾಗಿದ ಹೆಗ್ಗಡದೇವನಕೋಟೆಗಳಂಥ ಗಡಿಸೀಮೆಗಳ ಸುದ್ದಿಗೆ ಅರಮನೆಯಲ್ಲಿ ಹೆಚ್ಚಿನ ಬೆಲೆಯಿದ್ದಿರಬೇಕೆಂದು ನಾವು ಊಹಿಸಬಹುದು. 1889ರಲ್ಲಿ ಮೈಸೂರು ಅಂಚೆಯು ಬ್ರಿಟಿಷ್ ಭಾರತದ ಅಂಚೆಯಲ್ಲಿ ವಿಲೀನವಾಯಿತು. ಸಂಪರ್ಕ ಸಾಧನಗಳ ಚರಿತ್ರೆಯನ್ನು ಕೇವಲ ವೇಗದ ಚರಿತ್ರೆಯೆಂದು ಬರೆಯುವುದು ವಾಡಿಕೆ. ಓಲೆಯನ್ನು ಒಯ್ಯುವ ಕೈಯೇ ಊರನ್ನು ಕಾಯುವ ಕಣ್ಣೂ ಆಗಿತ್ತೆಂಬುದನ್ನು ಮರೆತರೆ ಆ ಚರಿತ್ರೆ ಅರ್ಧವೇ ಆದೀತೆಂದು ನಮ್ಮ ಅಭಿಪ್ರಾಯ.