ಬಾರದ ತೀರ್ಪು

ಚಿಕ್ಕಂದಿನಲ್ಲಿ ನನ್ನನ್ನು ಬೆಳಗಿನ ಪೂಜೆಗೆ ಎಬ್ಬಿಸುವುದು ಅಮ್ಮನಿಗೆ ದಿನದ ಮೊದಲ ಯುದ್ಧ. ಮೊದಲು ಕರೆಯುವುದು, ಆಮೇಲೆ ಹೊದಿಕೆ ಎಳೆಯುವುದು, ಕಡೆಗೆ ಕೆನ್ನೆಗೆ ತಣ್ಣೀರ ಕೈ. ಹಾಗಾದರೆ ನಾನು ಎದ್ದದ್ದೋ, ಅವಳು ಎಬ್ಬಿಸಿದ್ದೋ? ಹೆಚ್ಚುಕಡಿಮೆ ಇಂಥದ್ದೇ ಪ್ರಶ್ನೆ ಇಬ್ಬರು ಪೋಪರ ನಿದ್ದೆ ಕೆಡಿಸಿತ್ತೆಂದು ನನಗೆ ತಿಳಿದದ್ದು ತಲೆ ನರೆತ ಮೇಲೆ.

ವರಪ್ರಸಾದ, ಅಂದರೆ ದೇವರ ಕೃಪೆ, ಇಲ್ಲದೆ ಮನುಷ್ಯನಿಗೆ ರಕ್ಷಣೆಯಿಲ್ಲ, ಆದರೂ ಅದನ್ನು ಒಲ್ಲೆ ಎನ್ನಲು ಅವನು ಸ್ವತಂತ್ರ ಎಂದು ಕೆಥೊಲಿಕ್ ಧರ್ಮಸಭೆಯ ಟ್ರೆಂಟ್ ಮಹಾಸಭೆ 1547ರಲ್ಲಿ ಸಾರಿತ್ತು. ಎರಡೂ ಹೇಗೆ ಹೊಂದುತ್ತವೆ ಎಂಬುದನ್ನು ಮಾತ್ರ ಬಿಡಿಸಿ ಹೇಳಲಿಲ್ಲ. ಯೇಸುಸಭೆಯ (ಜೆಸ್ವಿಟ್) ಪಂಡಿತ ಲೂಯಿಸ್ ದೆ ಮೊಲಿನಾ 1588ರಲ್ಲಿ ಲಿಸ್ಬನ್ನಿನಲ್ಲಿ ‘ಕಾಂಕಾರ್ಡಿಯಾ’ ಎಂಬ ಪುಸ್ತಕ ಅಚ್ಚು ಹಾಕಿಸಿ ಆ ಗಂಟಿಗೆ ಕೈಹಾಕಿದರು. ಅವರ ಪ್ರಕಾರ, ಎಂಥ ಹೊತ್ತಿನಲ್ಲಿ ಹೇಗೆ ಕರೆದರೆ ನಾನು ನಾನಾಗಿಯೇ ಏಳುತ್ತೇನೆಂಬುದು ದೇವರಿಗೆ ಮೊದಲೇ ಗೊತ್ತು. ಸಾಲಮಾಂಕಾದ ದೊಮಿನಿಕನ್ ಪಂಡಿತ ದೊಮಿಂಗೊ ಬಾನ್ಯೆಸ್ ಕೆರಳಿದರು: ದೇವರು ನನ್ನ ಒಪ್ಪಿಗೆಗೆ ಕಾಯುವವನೇ? ಒಪ್ಪಿಗೆಯನ್ನು ಹುಟ್ಟಿಸುವವನೂ ಅವನೇ. ಹಾಗೆಂದು ಅದು ನನ್ನ ಒಪ್ಪಿಗೆ ಅಲ್ಲವೆಂದಾಗುವುದಿಲ್ಲ. ಅಮ್ಮನ ತಣ್ಣೀರ ಕೈ ನೆನೆದರೆ ನನ್ನ ಮನಸ್ಸು ಬಾನ್ಯೆಸರ ಕಡೆಗೇ ವಾಲುತ್ತದೆ.

ವಾದ ಬೈಗುಳಕ್ಕೆ ಇಳಿಯಿತು. ಯೇಸುಸಭೆಯವರು ದೊಮಿನಿಕನ್ನರನ್ನು ಮನುಷ್ಯನ ಸ್ವಾತಂತ್ರ್ಯ ಒಪ್ಪದ ಕ್ಯಾಲ್ವಿನ್ನನ ಶಿಷ್ಯರೆಂದರು, ದೊಮಿನಿಕನ್ನರು ಯೇಸುಸಭೆಯವರನ್ನು ಮನುಷ್ಯನ ಸಂಕಲ್ಪವೇ ಸಾಕೆಂದ ಪೆಲೇಜಿಯಸನ ಸಂತಾನವೆಂದರು. ಪೋಪ್ ಎಂಟನೇ ಕ್ಲೆಮೆಂಟ್ ವ್ಯಾಜ್ಯವನ್ನು ರೋಮಿಗೆ ತರಿಸಿಕೊಂಡರು. 1598ರ ಜನವರಿಯಲ್ಲಿ ವಿಚಾರಣಾ ಮಂಡಳಿ ಕೂತಿತು. 1602ರಿಂದ ಪೋಪರೇ ಎದುರು ಕೂತು 68 ಬೈಠಕ್ ನಡೆಸಿದರು, ತೀರ್ಪು ಕೊಡದೆ 1605ರಲ್ಲಿ ತೀರಿಕೊಂಡರು. ಅಷ್ಟರಲ್ಲಿ ಮೊಲಿನಾ (1600), ಬಾನ್ಯೆಸ್ (1604) ಇಬ್ಬರೂ ಹೋಗಿಯಾಗಿತ್ತು. ಪೋಪ್ ಐದನೇ ಪೌಲ್ ಇನ್ನೂ 17 ಬೈಠಕ್ ಕೂಡಿಸಿದರು. ಆ ಹೊತ್ತಿಗೆ ವೆನಿಸ್ ಸರ್ಕಾರದೊಂದಿಗೆ ಪೋಪರ ಜಗಳ. ಪೋಪರ ಪರ ನಿಂತ ಯೇಸುಸಭೆಯವರು 1606ರಲ್ಲಿ ಆ ಊರಿಂದಲೇ ಗಡೀಪಾರು. ಅಂಥವರನ್ನು ಪಾಷಂಡಿಗಳೆನ್ನುವುದು ಪೋಪರಿಗೆ ಸುಲಭವಿತ್ತೇ? ದೇವಶಾಸ್ತ್ರದಲ್ಲೂ ಊರ ರಾಜಕೀಯ ಬೆರೆಯದೆ ಇರುವುದಿಲ್ಲ.

1607ರ ಆಗಸ್ಟ್ 28, ಸಂತ ಅಗಸ್ಟೀನರ ಹಬ್ಬ. ಯಾರದೂ ತಪ್ಪೆಂದು ಹೇಳುವುದಿಲ್ಲ, ಯಾರೂ ಇನ್ನೊಬ್ಬರನ್ನು ನಿಂದಿಸಕೂಡದು, ತೀರ್ಮಾನವನ್ನು ಸಕಾಲದಲ್ಲಿ ತಿಳಿಸಲಾಗುವುದು ಎಂದರು ಪೋಪರು. ಸೋಲಲಿಲ್ಲವಲ್ಲ ಎಂಬುದನ್ನೇ ಗೆಲುವೆಂದು ಬಗೆದು ಸ್ಪೇನಿನ ಯೇಸುಸಭೆಯವರು ಹಬ್ಬ ಮಾಡಿದರು. 1611ರಲ್ಲಿ ಇನ್ನೊಂದು ಆಜ್ಞೆ: ವರಪ್ರಸಾದದ ಬಗ್ಗೆ ಪುಸ್ತಕ ಅಚ್ಚಾಗಬೇಕಾದರೆ ಮೊದಲು ರೋಮಿನ ಅಪ್ಪಣೆ ಬೇಕು. ಆ ‘ಸಕಾಲ’ ಈವರೆಗೆ ಬಂದಿಲ್ಲ.