ಬರಿಗೈಯ ಗುರು

ಕನ್ನಡದಲ್ಲಿ ‘ಕೈ ಮಾಡುವುದು’ ಎಂದರೆ ಹೊಡೆಯುವುದು. ‘ಕೈ ಮುಗಿಯುವುದು’ ಎಂದರೆ ನಮಿಸುವುದು. ಒಂದೇ ಕೈಗೆ ಎರಡು ಗತಿ. ಕರಾಟೆಯನ್ನು ಮೊದಲನೆಯದರಿಂದ ಎರಡನೆಯದರತ್ತ ತಿರುಗಿಸಲು ಜೀವಮಾನವನ್ನೇ ಸವೆಸಿದ ಒಬ್ಬ ಶಾಲಾ ಉಪಾಧ್ಯಾಯರನ್ನು ಕುರಿತು ಇಂದು ನಾಲ್ಕು ಮಾತು ಹೇಳಬಯಸುತ್ತೇನೆ.

ಗಿಚಿನ್ ಫುನಾಕೊಶಿ ಹುಟ್ಟಿದ್ದು 1868ರಲ್ಲಿ, ಓಕಿನಾವಾ ದ್ವೀಪದ ಶುರಿಯಲ್ಲಿ. ಅದು ಆಗಿನ್ನೂ ರ್ಯೂಕ್ಯೂ ರಾಜ್ಯದ ರಾಜಧಾನಿ. 1879ರಲ್ಲಿ ಜಪಾನ್ ಆ ರಾಜ್ಯವನ್ನು ತನ್ನಲ್ಲಿ ಸೇರಿಸಿಕೊಂಡಿತು. ಬಾಲ್ಯದಲ್ಲಿ ಕೃಶದೇಹಿಯಾಗಿದ್ದ ಅವರು ಅಜಾತೊ ಎಂಬ ಗುರುವಿನ ಮನೆಯಂಗಳದಲ್ಲಿ, ರಾತ್ರಿಯ ಹೊತ್ತು, ಗುಟ್ಟಾಗಿ ಅಭ್ಯಾಸ ಮಾಡಿದರು. ಒಂದು ವರಸೆ ಗುರುವಿಗೆ ಒಪ್ಪಿಗೆಯಾಗುವವರೆಗೆ ಮುಂದಿನ ವರಸೆಯ ಮಾತೇ ಇಲ್ಲ.

1922ರಲ್ಲಿ, 53ರ ವಯಸ್ಸಿನಲ್ಲಿ, ಟೋಕಿಯೊದಲ್ಲಿ ಈ ವಿದ್ಯೆಯನ್ನು ಪ್ರದರ್ಶಿಸಲು ಹೋದವರು ಅಲ್ಲಿಯೇ ನೆಲೆಸಿದರು. ಓಕಿನಾವಾ ವಿದ್ಯಾರ್ಥಿಗಳ ವಸತಿಗೃಹವೊಂದರಲ್ಲಿ ಕಸ ಗುಡಿಸಿ, ಕಾವಲು ಕಾಯ್ದು, ಬಿಡುವಿನಲ್ಲಿ ಪಾಠ ಹೇಳಿದರು.

ಭಾಷೆಯ ಅಧ್ಯಾಪಕನಾದ ನನ್ನನ್ನು ಹೆಚ್ಚು ಸೆಳೆದದ್ದು ಅವರ ಒಂದು ಅಕ್ಷರ. ‘ತೆ’ ಎಂದರೆ ಕೈ. ಹಿಂದೆ ‘ಕರಾ’ ಎಂಬುದನ್ನು ಚೀನಾವನ್ನು ಸೂಚಿಸುವ ಲಿಪಿಚಿಹ್ನೆಯಿಂದ ಬರೆಯುತ್ತಿದ್ದರು. ಅವರ 1922ರ ಗ್ರಂಥದಲ್ಲಿಯೂ ಹಾಗೆಯೇ ಇದೆ. 1935ರ ಗ್ರಂಥದಲ್ಲಿ ಉಚ್ಚಾರ ಅದೇ, ಚಿಹ್ನೆ ಬೇರೆ: ಶೂನ್ಯ, ಆಕಾಶ ಎಂಬರ್ಥದ್ದು. ‘ಚೀನೀ ಕೈ’ ‘ಬರಿಗೈ’ ಆಯಿತು. ಆಯುಧವಿಲ್ಲದ ಕೈಯೊಡನೆ ಅಹಂಕಾರವಿಲ್ಲದ ಮನಸ್ಸನ್ನೂ ಸೂಚಿಸುವ ಸೊಗಸಾದ ಶ್ಲೇಷೆ ಇದು.

ಆದರೆ ಇತಿಹಾಸ ಶ್ಲೇಷೆಯಷ್ಟು ನಿರ್ಮಲವಲ್ಲ. 1936ರಲ್ಲಿ ಓಕಿನಾವಾದ ಗುರುಗಳೂ ನಾಹಾದಲ್ಲಿ ಸೇರಿ ಹೊಸ ಚಿಹ್ನೆಯನ್ನು ಒಪ್ಪಿದರು. ಮರುವರ್ಷವೇ ಜಪಾನ್ ಚೀನಾದ ಮೇಲೆ ಪೂರ್ಣಪ್ರಮಾಣದ ಯುದ್ಧಕ್ಕಿಳಿಯಿತು. ಚೀನಾದ ಹೆಸರು ಅಳಿಸಿಹೋದದ್ದರಲ್ಲಿ ಕಾಲದ ರಾಷ್ಟ್ರಾಭಿಮಾನಕ್ಕೂ ಪಾಲಿತ್ತು. ಒಂದು ವಿದ್ಯೆಯ ಋಣ ಹೀಗೆ ಮರೆಯಾಯಿತೆಂಬುದನ್ನು ನಾವು ಮರೆಯಬಾರದು.

ಕರಾಟೆಯಲ್ಲಿ ಮೊದಲು ಕೈ ಮಾಡುವುದಿಲ್ಲವೆಂಬುದು ಅವರ ಬೋಧನೆಯ ತಿರುಳು. ಪ್ರತಿಯೊಂದು ವರಸೆಯೂ ತಡೆಯುವ ಚಲನೆಯಿಂದಲೇ ಆರಂಭವಾಗುತ್ತದೆಂದು ಅವರು ತೋರಿಸಿಕೊಡುತ್ತಿದ್ದರು. ಈ ಪಾಠ ಕಲಿತ ತರುಣರೇ, ನೆರೆಯವರ ಮೇಲೆ ಮೊದಲು ಕೈ ಮಾಡಿದ ಸಾಮ್ರಾಜ್ಯದ ಸೈನಿಕರಾಗಿ, ಗುರುವಿಗೆ ವಿದಾಯ ಹೇಳಿ ಹೊರಟರು. ಹಲವರು ಹಿಂತಿರುಗಲಿಲ್ಲ. 1945ರಲ್ಲಿ ಅವರ ಟೋಕಿಯೊ ಅಭ್ಯಾಸಶಾಲೆ ಬಾಂಬಿಗೆ ಸುಟ್ಟುಹೋಯಿತು. ಅದೇ ವರ್ಷ ಮಗ ಗಿಗೊ ತೀರಿಕೊಂಡರು. ಹುಟ್ಟೂರು ಶುರಿ ಯುದ್ಧದಲ್ಲಿ ನೆಲಸಮವಾಯಿತು. 1947ರಲ್ಲಿ ಪತ್ನಿಯೂ ಅಗಲಿದರು. ವೃದ್ಧ ಗುರು ಮತ್ತೆ ಪಾಠಕ್ಕೆ ನಿಂತರು.

ಅವರು 1957ರಲ್ಲಿ ನಿಧನರಾದರು. ಕಾಮಾಕುರದ ಎಂಗಾಕು-ಜಿ ದೇವಾಲಯದಲ್ಲಿ 1968ರಲ್ಲಿ ನಿಲ್ಲಿಸಿದ ಸ್ಮಾರಕಶಿಲೆಯ ಮೇಲೆ ಕೆತ್ತಿರುವುದು, ಮೊದಲು ಕೈ ಮಾಡಬಾರದೆಂಬ ಆ ಮಾತನ್ನೇ. ಸಾಮ್ರಾಜ್ಯ ಕೇಳಿಸಿಕೊಳ್ಳದ ಪಾಠವನ್ನು ಕಲ್ಲು ಇಂದಿಗೂ ಹೇಳುತ್ತಿದೆ.