ಎರೆನೆಲದ ಕೆಳಗಿನ ಇತಿಹಾಸ

ಕೃಷ್ಣಾ ಮತ್ತು ಘಟಪ್ರಭಾ ನದಿಗಳ ನಡುವಣ ಸೀಮೆಯ ಇತಿಹಾಸವನ್ನು ಸಾಮಾನ್ಯವಾಗಿ ಮುಧೋಳದ ರನ್ನನಿಂದ ಆರಂಭಿಸುವುದು ವಾಡಿಕೆ. ಅಲ್ಲಿಂದ ಮುಂದೆ ಜಮಖಂಡಿಯ ಪಟವರ್ಧನರು, ಮುಧೋಳದ ಘೋರ್ಪಡೆಯವರು, ರಬಕವಿ–ಬನಹಟ್ಟಿಯ ಮಗ್ಗಗಳು ಬರುತ್ತವೆ. ಇದೆಲ್ಲ ಹೆಚ್ಚೆಂದರೆ ಒಂದು ಸಾವಿರ ವರ್ಷದ ಮಾತು. ಈ ಊರುಗಳು ನಿಂತಿರುವ ನೆಲಕ್ಕೆ ಅದಕ್ಕಿಂತ ಬಹಳ ಹಿಂದಿನ ಇನ್ನೊಂದು ಇತಿಹಾಸವಿದೆ. ಅದರಲ್ಲಿ ಒಮ್ಮೆ ಸಮುದ್ರವಿತ್ತು, ಒಮ್ಮೆ ಬೆಂಕಿಯ ಪ್ರವಾಹವಿತ್ತು. ಆ ಇತಿಹಾಸ ಇನ್ನೂ ಮುಗಿದಿಲ್ಲ ಎಂಬುದನ್ನು 1967 ಮತ್ತು 1993ರಲ್ಲಿ ನೆರೆಯ ಮಹಾರಾಷ್ಟ್ರ ಬಹಳ ದೊಡ್ಡ ಬೆಲೆ ತೆತ್ತು ತಿಳಿದುಕೊಂಡಿತು.

ಸಮುದ್ರವಿದ್ದ ಕಾಲ

ಈ ಭಾಗದ ಕಲ್ಲುಗಳನ್ನು ಕ್ರಮವಾಗಿ ಓದಿದವರಲ್ಲಿ ಮೊದಲ ಹೆಸರು ರಾಬರ್ಟ್ ಬ್ರೂಸ್ ಫೂಟ್ ಅವರದು. 1858ರಲ್ಲಿ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣ ಸಂಸ್ಥೆಯನ್ನು ಸೇರಿದ ಫೂಟ್, 1863ರಲ್ಲಿ ಮದರಾಸಿನ ಬಳಿಯ ಪಲ್ಲಾವರದಲ್ಲಿ ಶಿಲಾಯುಗದ ಕೊಡಲಿಯನ್ನು ಗುರುತಿಸಿ ಪ್ರಸಿದ್ಧರಾದವರು. ದಕ್ಷಿಣ ಮರಾಠಾ ಸೀಮೆಯ ಭೂರಚನೆ ಕುರಿತ ಅವರ ದೀರ್ಘ ವರದಿ 1876ರಲ್ಲಿ ಪ್ರಕಟವಾಯಿತು. ಇಲ್ಲಿನ ಮರಳುಗಲ್ಲು, ಬೆಣಚುಕಲ್ಲು, ಸುಣ್ಣದ ಕಲ್ಲು ಮತ್ತು ಜೇಡಿಗಲ್ಲುಗಳ ಸಾಲಿಗೆ, ಆಗ ಜಿಲ್ಲಾ ಕೇಂದ್ರವಾಗಿದ್ದ ಕಲಾದಗಿಯ ಹೆಸರೇ ನಿಂತಿತು. ಇಂದಿಗೂ ಭೂವಿಜ್ಞಾನದ ಪುಸ್ತಕಗಳಲ್ಲಿ ಅದು ‘ಕಲಾದಗಿ ಶಿಲಾಸಮೂಹ’ವೇ.

ಈ ಕಲ್ಲುಗಳು ನೀರಿನ ತಳದಲ್ಲಿ ಹುಟ್ಟಿದವು. ನೂರು ಕೋಟಿ ವರ್ಷಗಳಿಗೂ ಹಿಂದೆ ಇಲ್ಲಿನ ನೆಲ ನಿಧಾನವಾಗಿ ಕುಸಿದು ತಗ್ಗಾಯಿತು. ಅದರಲ್ಲಿ ಆಳವಿಲ್ಲದ ಸಮುದ್ರ ನಿಂತಿತು. ಸುತ್ತಲಿನ ಬೆಟ್ಟಗಳಿಂದ ಬಂದ ಮರಳು ದಡದಲ್ಲಿ ಹರಡಿತು, ಒಳಗೆ ಸುಣ್ಣದ ಕೆಸರು ಪದರ ಪದರವಾಗಿ ಇಳಿಯಿತು. ಬೆಣಚುಕಲ್ಲಿನ ಚಪ್ಪಡಿಗಳ ಮೇಲೆ ಅಂದಿನ ಅಲೆಗಳು ಮೂಡಿಸಿದ ಗೆರೆಗಳು ಈಗಲೂ ಕಾಣುತ್ತವೆ. ಕೆಲವು ಸುಣ್ಣಶಿಲೆಗಳಲ್ಲಿ ಈರುಳ್ಳಿ ಹೆಚ್ಚಿಟ್ಟಂತೆ ಸುತ್ತು ಸುತ್ತಾದ ರಚನೆಗಳಿವೆ. ಅವು ಸೂಕ್ಷ್ಮಜೀವಿಗಳ ಗುಂಪುಗಳು ಕೆಸರನ್ನು ಹಿಡಿದಿಟ್ಟು ಕಟ್ಟಿದ ಗುಡ್ಡೆಗಳು. ಮೀನು, ಮರ, ಹುಲ್ಲು ಯಾವುದೂ ಹುಟ್ಟಿರದ ಕಾಲದ ಜೀವದ ಗುರುತು ಅದು. ಲೋಕಾಪುರ, ಮುದ್ದಾಪುರ, ಬಾಗಲಕೋಟೆಯ ಸುತ್ತ ಸಿಮೆಂಟ್ ಕಾರ್ಖಾನೆಗಳು ಎದ್ದದ್ದು ಈ ಸುಣ್ಣದ ಕಲ್ಲಿನ ಆಸರೆಯಿಂದಲೇ.

ಹೀಗೆ ಚಾಪೆಯಂತೆ ಮಟ್ಟಸವಾಗಿ ಹಾಸಿದ್ದ ಪದರಗಳು ಮುಂದೆ ಹಾಗೇ ಉಳಿಯಲಿಲ್ಲ. ಭೂಮಿಯ ಹೊರಪದರ ಎರಡೂ ಬದಿಯಿಂದ ಒತ್ತಿಕೊಂಡಾಗ ಅವು ನೆರಿಗೆಗಟ್ಟಿದವು. ಬಾದಾಮಿಯ ಕಲ್ಲಿನೊಂದಿಗೆ ಹೋಲಿಸಿದರೆ ಇದು ಸುಲಭವಾಗಿ ಅರ್ಥವಾಗುತ್ತದೆ. 578ರಲ್ಲಿ ಚಾಲುಕ್ಯ ಮಂಗಳೇಶ ಮೂರನೆಯ ಗುಹೆಯನ್ನು ಸಮರ್ಪಿಸಿದ ಬಾದಾಮಿಯ ಬಂಡೆಯಲ್ಲಿ ಪದರಗಳು ಬಹುಮಟ್ಟಿಗೆ ಅಡ್ಡಲಾಗಿ, ನೆಟ್ಟಗೆ ಇವೆ. ಲೋಕಾಪುರ, ಬಾಗಲಕೋಟೆಯ ಕಡೆಯ ಹಳೆಯ ಪದರಗಳು ಓರೆಯಾಗಿ, ಕೆಲವೆಡೆ ಮಡಚಿಕೊಂಡಂತೆ ಇವೆ. ಅಂದರೆ ಹಳೆಯ ಪದರಗಳು ಮಡಚಿ, ಮೇಲೆದ್ದು, ಮಳೆಗಾಳಿಗೆ ಸವೆದ ಬಳಿಕವೇ ಬಾದಾಮಿಯ ಮರಳು ಬಂದು ಅವುಗಳ ಮೇಲೆ ಕೂತಿತು. ಒಂದು ಓರೆ ಗೆರೆ, ಅದರ ಮೇಲೊಂದು ನೇರ ಗೆರೆ. ಇವೆರಡರ ನಡುವೆ ಕೋಟ್ಯಂತರ ವರ್ಷಗಳು ಕಳೆದಿವೆ.

ಮೆಟ್ಟಿಲಾಗಿ ಹರಿದ ಬೆಂಕಿ

ಎರಡನೆಯ ದೊಡ್ಡ ಘಟನೆ ಸುಮಾರು 6.6 ಕೋಟಿ ವರ್ಷಗಳ ಹಿಂದಿನದು. ಜ್ವಾಲಾಮುಖಿ ಎಂದೊಡನೆ ತುದಿಯಲ್ಲಿ ಹೊಗೆಯಾಡುವ ಪರ್ವತ ಕಣ್ಣಮುಂದೆ ಬರುತ್ತದೆ. ದಖ್ಖನಿನಲ್ಲಿ ನಡೆದದ್ದು ಅಂಥದಲ್ಲ. ಇಲ್ಲಿ ನೆಲವೇ ಉದ್ದುದ್ದ ಸೀಳುಬಿಟ್ಟು, ಆ ಬಿರುಕುಗಳಿಂದ ಲಾವಾರಸ ಉಕ್ಕಿ ಬಯಲಿನ ಮೇಲೆ ಹರಿಯಿತು. ಒಂದು ಪ್ರವಾಹ ಆರಿ ಕಲ್ಲಾದ ಮೇಲೆ ಇನ್ನೊಂದು ಬಂತು. ಎರಡು ಪ್ರವಾಹಗಳ ನಡುವೆ ಬಿಡುವು ಸಿಕ್ಕಲ್ಲೆಲ್ಲ ಮೇಲ್ಭಾಗ ಶಿಥಿಲವಾಗಿ ಕೆಂಪು ಮಣ್ಣಿನ ಪಟ್ಟಿ ಮೂಡಿತು. ಬದಿಯಿಂದ ನೋಡಿದರೆ ಇಂಥ ಗುಡ್ಡಗಳು ಮೆಟ್ಟಿಲು ಮೆಟ್ಟಿಲಾಗಿ ಕಾಣುತ್ತವೆ. ಮೆಟ್ಟಿಲು ಎಂಬರ್ಥದ ಸ್ವೀಡಿಷ್ ಪದದಿಂದಲೇ ‘ಡೆಕ್ಕನ್ ಟ್ರ್ಯಾಪ್’ ಎಂಬ ಹೆಸರು ಬಂದಿದೆ.

ಈ ಕರಿಕಲ್ಲಿನ ಹೊದಿಕೆ ಇಂದು ಸುಮಾರು 5 ಲಕ್ಷ ಚದರ ಕಿಲೋಮೀಟರ್ ಪ್ರದೇಶದಲ್ಲಿ ಹರಡಿದೆ. ಆ ಕಾಲದಲ್ಲಿ ಭಾರತದ ಭೂಫಲಕ ಇನ್ನೂ ಏಷ್ಯಾಕ್ಕೆ ತಾಗಿರಲಿಲ್ಲ. ಅದು ಹಿಂದೂ ಮಹಾಸಾಗರದಲ್ಲಿ ಉತ್ತರದತ್ತ ಸರಿಯುತ್ತ, ಇಂದಿನ ರಿಯೂನಿಯನ್ ದ್ವೀಪದ ಕೆಳಗಿರುವ ಬಿಸಿ ಉಗಮದ ಮೇಲೆ ಹಾದುಹೋಗುವಾಗ ಈ ಲಾವಾ ಉಕ್ಕಿತು ಎಂಬುದು ಹೆಚ್ಚಿನ ವಿಜ್ಞಾನಿಗಳ ಅಭಿಪ್ರಾಯ. ದೈತ್ಯ ಹಲ್ಲಿಗಳು ಅಳಿದ ಕಾಲವೂ ಅದೇ. ಅವುಗಳ ಅಳಿವಿಗೆ ಮೆಕ್ಸಿಕೋದಲ್ಲಿ ಬಿದ್ದ ಕ್ಷುದ್ರಗ್ರಹದ ಜತೆಗೆ ದಖ್ಖನಿನ ಲಾವಾ ಉಗುಳಿದ ಅನಿಲಗಳ ಪಾಲೆಷ್ಟು ಎಂಬ ಚರ್ಚೆ ಇನ್ನೂ ನಿಂತಿಲ್ಲ.

ಸಹ್ಯಾದ್ರಿಯ ಕಡೆ ಸಾವಿರಾರು ಅಡಿ ದಪ್ಪವಿರುವ ಈ ಹೊದಿಕೆ ದಕ್ಷಿಣಕ್ಕೆ ಬಂದಂತೆ ತೆಳುವಾಗುತ್ತದೆ. ಅದರ ದಕ್ಷಿಣದ ಅಂಚು ಹಾದುಹೋಗುವುದು ಜಮಖಂಡಿ, ಮುಧೋಳ, ಬೀಳಗಿ ಸೀಮೆಯಲ್ಲಿ. ಹಾಗಾಗಿ ಇದು ಎರಡು ಯುಗಗಳ ಗಡಿನಾಡು. ಉತ್ತರದಲ್ಲಿ ಕರಿಕಲ್ಲು ಸವೆದು ಆದ ಎರೆಭೂಮಿ, ದಕ್ಷಿಣದಲ್ಲಿ ಕಲಾದಗಿಯ ಕಲ್ಲಿನ ಗುಡ್ಡ, ಮಡ್ಡಿ, ಮಸಾರಿ. ತೇವವನ್ನು ಹಿಡಿದಿಡುವ ಎರೆಮಣ್ಣು ಹತ್ತಿ ಮತ್ತು ಬಿಳಿಜೋಳದ ನೆಲವಾಯಿತು. ಹತ್ತಿಯ ಸೀಮೆಯಲ್ಲಿ ಮಗ್ಗ ನೆಲೆಯೂರಿತು. ರಬಕವಿ–ಬನಹಟ್ಟಿಯ ನೇಕಾರಿಕೆಯ ಹಿಂದೆ ವ್ಯಾಪಾರ, ರಾಜಾಶ್ರಯ, ಸಮುದಾಯಗಳ ವಲಸೆ ಎಲ್ಲವೂ ಇವೆ. ಅವುಗಳ ಬುಡದಲ್ಲಿ ಆರಿದ ಲಾವಾ ಕೂಡ ಇದೆ.

ಗಟ್ಟಿ ನೆಲವೆಂಬ ನಂಬಿಕೆ

ದಖ್ಖನ್ ಪ್ರಸ್ಥಭೂಮಿ ಪುರಾತನವಾದದ್ದು, ಗಟ್ಟಿಯಾದದ್ದು, ಭೂಕಂಪವೆಂಬುದು ಹಿಮಾಲಯದ ಕಡೆಯ ಮಾತು ಎಂದು ಶಾಲೆಯ ಪಾಠಗಳು ಬಹುಕಾಲ ಹೇಳುತ್ತ ಬಂದವು. ಈ ನಂಬಿಕೆಗೆ ಮೊದಲ ದೊಡ್ಡ ಪೆಟ್ಟು ಬಿದ್ದದ್ದು 1967ರ ಡಿಸೆಂಬರ್ 11ರ ಬೆಳಗಿನ ಜಾವ. ಜಮಖಂಡಿಯಿಂದ ಸುಮಾರು 200 ಕಿಲೋಮೀಟರ್ ದೂರದ ಕೊಯ್ನಾದಲ್ಲಿ 6ಕ್ಕೂ ಮೀರಿದ ಪರಿಮಾಣದ ಭೂಕಂಪವಾಗಿ ಇನ್ನೂರರಷ್ಟು ಜನ ಸತ್ತರು, ಅಣೆಕಟ್ಟೆಯಲ್ಲೂ ಬಿರುಕು ಕಾಣಿಸಿತು. 1962ರಲ್ಲಿ ಜಲಾಶಯ ತುಂಬಲು ಆರಂಭವಾದ ಮೇಲೆ ಅಲ್ಲಿ ಸಣ್ಣ ಕಂಪನಗಳು ಹೆಚ್ಚಿದ್ದವು. ನೀರು ಹೊಸದಾಗಿ ಒತ್ತಡವನ್ನು ಸೃಷ್ಟಿಸುವುದಿಲ್ಲ. ಬಿರುಕುಗಳಲ್ಲಿ ಇಳಿದು, ಮೊದಲೇ ಬಿಗಿದು ನಿಂತಿರುವ ಬಂಡೆಗಳು ಜಾರುವಂತೆ ಮಾಡುತ್ತದೆ. ಜಲಾಶಯಗಳೆಲ್ಲ ಹೀಗೆ ಮಾಡುವುದಿಲ್ಲ. ಒಳಗೆ ದುರ್ಬಲ ಬಿರುಕು ಇರಬೇಕು, ಅದು ಜಾರುವ ಹಂತಕ್ಕೆ ಬಂದಿರಬೇಕು. ಕೊಯ್ನಾದಲ್ಲಿ ಇವೆರಡೂ ಕೂಡಿಬಂದಿದ್ದವು.

ಎರಡನೆಯ ಪೆಟ್ಟು 1993ರ ಸೆಪ್ಟೆಂಬರ್ 30ರದು. ಗಣೇಶ ವಿಸರ್ಜನೆ ಮುಗಿಸಿ ಜನ ಮಲಗಿದ್ದ ಹೊತ್ತು, ಬೆಳಗಿನ ನಾಲ್ಕು ಗಂಟೆಗೆ ಕೆಲವೇ ನಿಮಿಷ ಮುಂಚೆ ಲಾತೂರು ಜಿಲ್ಲೆಯ ಕಿಲ್ಲಾರಿಯಲ್ಲಿ ನೆಲ ನಡುಗಿತು. ಪರಿಮಾಣ 6.2ರ ಆಸುಪಾಸು, ಸತ್ತವರು ಹತ್ತು ಸಾವಿರದ ಸಮೀಪ. ಕಂಪನ ಉತ್ತರ ಕರ್ನಾಟಕದ ಉದ್ದಕ್ಕೂ ಅನುಭವಕ್ಕೆ ಬಂತು. ಕೊಯ್ನಾದಂಥ ದೊಡ್ಡ ಜಲಾಶಯ ಅಲ್ಲಿರಲಿಲ್ಲ. ಭೂಕಂಪ ನಕ್ಷೆಯಲ್ಲಿ ಆ ಪ್ರದೇಶ ಅತಿ ಕಡಿಮೆ ಅಪಾಯದ ಮೊದಲನೆಯ ವಲಯದಲ್ಲಿತ್ತು. 2002ರ ಪರಿಷ್ಕರಣೆಯಲ್ಲಿ ಆ ಮೊದಲನೆಯ ವಲಯವನ್ನೇ ನಕ್ಷೆಯಿಂದ ಕೈಬಿಡಲಾಯಿತು.

ಕಾರಣ ಹುಡುಕಲು ವಿಜ್ಞಾನಿಗಳು ಕಿಲ್ಲಾರಿಯಲ್ಲಿ ಕೊರೆದಾಗ ಕರಿಕಲ್ಲು ಸುಮಾರು 340 ಮೀಟರ್‌ಗೆ ಮುಗಿದು, ಅದರ ಕೆಳಗೆ ಪ್ರಾಚೀನ ಶಿಲೆ ಸಿಕ್ಕಿತು. ಕೊಯ್ನಾ ಬಳಿ ಕೊರೆದಾಗ ಅದು 900 ಮೀಟರ್ ದಾಟಿತು. ಎರಡೂ ಕಡೆ ಕಂಪನ ಹುಟ್ಟಿದ್ದು ಲಾವಾದ ಹೊದಿಕೆಯಲ್ಲಲ್ಲ, ಅದರ ಕೆಳಗೆ ಮರೆಯಾಗಿದ್ದ ಹಳೆಯ ಬುನಾದಿಯ ಬಿರುಕುಗಳಲ್ಲಿ. ಮೇಲಿನ ಎರೆಹೊಲ ಎಷ್ಟು ಮಟ್ಟಸವಾಗಿದ್ದರೂ ಒಳಗಿನ ಬಿರುಕಿನ ಸುಳಿವು ಕೊಡುವುದಿಲ್ಲ. ಆ ಬಿರುಕುಗಳನ್ನು ಒತ್ತುತ್ತಿರುವ ಬಲವಾದರೂ ಯಾವುದು? ಭಾರತದ ಭೂಫಲಕ ವರ್ಷಕ್ಕೆ ಸುಮಾರು 5 ಸೆಂಟಿಮೀಟರ್, ಅಂದರೆ ಮೂರು ಬೆರಳಗಲದಷ್ಟು, ಈಗಲೂ ಉತ್ತರಕ್ಕೆ ಸರಿದು ಏಷ್ಯಾವನ್ನು ತಳ್ಳುತ್ತಿದೆ. ಆ ನೂಕಾಟದ ಬಹುಪಾಲನ್ನು ಹಿಮಾಲಯ ಅನುಭವಿಸುತ್ತದೆ. ಉಳಿದದ್ದು ದಖ್ಖನಿನ ಒಳಗೆ ಬಹಳ ನಿಧಾನವಾಗಿ ಕೂಡಿಕೊಳ್ಳುತ್ತದೆ. ನೂರಾರು, ಸಾವಿರಾರು ವರ್ಷಗಳಿಗೊಮ್ಮೆ ಅದು ಬಿಟ್ಟುಕೊಳ್ಳುವುದರಿಂದಲೇ ಜನರ ನೆನಪಿನಲ್ಲಿ ಭೂಕಂಪ ಉಳಿಯುವುದಿಲ್ಲ.

ಸಣ್ಣ ಕಂಪನಗಳು ಮಾತ್ರ ಆಗಾಗ ಬರುತ್ತವೆ. 2021ರ ಅಕ್ಟೋಬರಿನಲ್ಲಿ ಕಲಬುರಗಿ ಜಿಲ್ಲೆ ಚಿಂಚೋಳಿ ತಾಲೂಕಿನ ಗಡಿಕೇಶ್ವರದಲ್ಲಿ ನೆಲ ಮತ್ತೆ ಮತ್ತೆ ನಡುಗಿದಾಗ ಜನ ಮನೆ ಬಿಟ್ಟು ಬಯಲಿನಲ್ಲಿ ಮಲಗಿದರು. 2022ರ ಜುಲೈ 9ರ ಬೆಳಿಗ್ಗೆ ವಿಜಯಪುರ ತಾಲೂಕಿನಲ್ಲಿ 4ಕ್ಕೂ ಮೀರಿದ ಪರಿಮಾಣದ ಕಂಪನವಾಯಿತು. ಭಾರಿ ಮಳೆಯ ನೀರು ಸುಣ್ಣಶಿಲೆಯ ಪೊಟರೆಗಳಿಗೆ, ಬಿರುಕುಗಳಿಗೆ ಇಳಿದಾಗಲೂ ಸಣ್ಣ ನಡುಕ, ಸದ್ದು ಉಂಟಾಗುವುದುಂಟು. ಇಂಥ ಕಂಪನಗಳಿಂದ ಹೆದರಿ ಊರು ಬಿಡುವ ಕಾರಣವಿಲ್ಲ. ಅವುಗಳನ್ನು ಮರೆಯುವುದೂ ಸರಿಯಲ್ಲ.

ಮೇಲ್ಮುದ್ದೆಯ ಭಾರ

ಕಿಲ್ಲಾರಿಯ ಭೂಕಂಪ ಜಗತ್ತಿನ ಲೆಕ್ಕದಲ್ಲಿ ಮಧ್ಯಮ ಗಾತ್ರದ್ದು. ಅಷ್ಟೇ ಗಾತ್ರದ ಕಂಪನ ಜಪಾನಿನಲ್ಲಿ ಆದಾಗ ಸಾವು ಬೆರಳೆಣಿಕೆಯಲ್ಲಿ ಉಳಿಯುವುದೇ ಹೆಚ್ಚು. ಕಿಲ್ಲಾರಿಯಲ್ಲಿ ಹತ್ತು ಸಾವಿರ ಜನರ ಪ್ರಾಣ ತೆಗೆದದ್ದು ಮನೆಗಳು. ದುಂಡಗಿನ ಗುಂಡುಕಲ್ಲುಗಳನ್ನು ಹಸಿಮಣ್ಣಿನಲ್ಲಿ ಕೂರಿಸಿ ಕಟ್ಟಿದ ಎರಡು ಎರಡೂವರೆ ಅಡಿ ದಪ್ಪದ ಗೋಡೆ. ಅದರ ಹೊರಮೈ ಬೇರೆ, ಒಳಮೈ ಬೇರೆ, ನಡುವೆ ತುಂಬಿದ ಕಲ್ಲುಚೂರು. ಮೇಲೆ ತೊಲೆ, ಜಂತಿ, ಅದರ ಮೇಲೆ ದಪ್ಪ ಮಣ್ಣಿನ ಮಾಳಿಗೆ. ನೆಲ ಅಲುಗಿದಾಗ ಗೋಡೆಯ ಎರಡು ಮೈಗಳು ಬೇರೆಬೇರೆಯಾಗಿ ಹೊರಳಿದವು, ಟನ್ನುಗಟ್ಟಲೆ ಮಣ್ಣು ಮಲಗಿದವರ ಮೇಲೆ ಕುಸಿಯಿತು. ಕಲ್ಲಿನ ಪೆಟ್ಟಿನಿಂದ ಬದುಕಿದವರೂ ಮಣ್ಣಿನಡಿ ಉಸಿರುಗಟ್ಟಿ ಸತ್ತರು.

ಈ ವರ್ಣನೆ ಜಮಖಂಡಿ, ಮುಧೋಳ, ಬೀಳಗಿಯ ಹಳೆಯ ಓಣಿಗಳನ್ನು ಬಲ್ಲವರಿಗೆ ಹೊಸದೇನಲ್ಲ. ಬಯಲುಸೀಮೆಯ ಸೆಕೆಗೆ ಹೇಳಿ ಮಾಡಿಸಿದ ಮೇಲ್ಮುದ್ದೆಯ ಮನೆಗಳು ಇಲ್ಲಿಯೂ ಇವೆ. ಬೇಸಿಗೆಯಲ್ಲಿ ತಂಪು, ಚಳಿಗಾಲದಲ್ಲಿ ಬೆಚ್ಚಗೆ. ಮಳೆಗಾಲಕ್ಕೆ ಮುಂಚೆ ಸೋರದಿರಲೆಂದು ಮಾಳಿಗೆಗೆ ಕರಲು ಮಣ್ಣು ಹಾಕುವುದು ತಲೆಮಾರುಗಳಿಂದ ಬಂದ ರೂಢಿ. ಹಳೆಯದನ್ನು ಕೆರೆದು ತೆಗೆಯದೆ ಹೊಸದನ್ನು ಹಾಕುತ್ತ ಹೋದರೆ ವರ್ಷದಿಂದ ವರ್ಷಕ್ಕೆ ಭಾರ ಏರುತ್ತದೆ. ಕಿಲ್ಲಾರಿಯಲ್ಲಿ ಆದದ್ದೂ ಹೀಗೆಯೇ.

ಇದಕ್ಕೆ ಹಳೆಯ ಮನೆಗಳನ್ನೆಲ್ಲ ಕೆಡವಬೇಕೆಂದಿಲ್ಲ. ಕಲ್ಲು ಮತ್ತು ಮಣ್ಣಿನ ಮನೆಗಳನ್ನು ಭೂಕಂಪಕ್ಕೆ ತಡೆಯುವಂತೆ ಮಾಡುವ ಕ್ರಮಗಳನ್ನು ಭಾರತೀಯ ಮಾನಕ ಸಂಸ್ಥೆ 1993ರಲ್ಲೇ ಪ್ರಕಟಿಸಿದೆ. ಅವು ಗೌಂಡಿಗಳಿಗೆ ಅರ್ಥವಾಗದ ವಿದ್ಯೆಯಲ್ಲ. ಮಾಳಿಗೆಯ ಹೆಚ್ಚುವರಿ ಮಣ್ಣನ್ನು ಇಳಿಸಿ ಭಾರ ಕಡಿಮೆ ಮಾಡುವುದು ಮೊದಲನೆಯದು. ಗೋಡೆಯ ಎರಡೂ ಮೈಗಳನ್ನು ಹಿಡಿದು ಕಟ್ಟುವಂತೆ ಅಲ್ಲಲ್ಲಿ ಉದ್ದನೆಯ ಕಲ್ಲುಗಳನ್ನು ಅಡ್ಡಲಾಗಿ ಇಡುವುದು ಎರಡನೆಯದು. ಬಾಗಿಲ ಮೇಲ್ಮಟ್ಟದಲ್ಲಿ ಮನೆಯ ಸುತ್ತ ಕಾಂಕ್ರೀಟಿನ ಅಥವಾ ಮರದ ಒಂದು ಪಟ್ಟಿ ಹಾಯಿಸಿ ನಾಲ್ಕು ಗೋಡೆಗಳನ್ನು ಒಂದಾಗಿ ಬಿಗಿಯುವುದು ಮೂರನೆಯದು. ಹೊಸ ಮನೆ ಕಟ್ಟುವಾಗ ಇವಕ್ಕೆ ತಗಲುವ ಹೆಚ್ಚಿನ ಖರ್ಚು ದೊಡ್ಡದಲ್ಲ. ಹಳೆಯ ಮನೆಯವರು ಮೊದಲನೆಯ ಕೆಲಸವನ್ನು ಮುಂದಿನ ಮಳೆಗಾಲಕ್ಕೆ ಮುಂಚೆಯೇ, ಕರಲು ಹಾಕಲು ಮಾಳಿಗೆ ಹತ್ತಿದ ದಿನವೇ, ಸಲಿಕೆ ಹಿಡಿದು ಆರಂಭಿಸಬಹುದು.